ರುಚಿಪುಡಿಯ ಗುರುತು

ಸಂಜೆಯಾಯಿತೆಂದರೆ ಗೋಕಾಕದ ಬೀದಿಗಳಲ್ಲಿ ಗೋಬಿ ಮಂಚೂರಿಯ ಗಾಡಿಗಳು ದೀಪ ಹಚ್ಚಿಕೊಂಡು ನಿಲ್ಲುತ್ತವೆ. ಮೂಡಲಗಿಯಲ್ಲಿಯೂ ಅದೇ ನೋಟ, ಹುಕ್ಕೇರಿಯಲ್ಲಿಯೂ ಅದೇ ವಾಸನೆ. ನಮ್ಮ ವಿದ್ಯಾರ್ಥಿ ಬಳಗದಲ್ಲಿ ಆ ಗಾಡಿಗಳ ಮುಂದೆ ನಿಲ್ಲದವರು ವಿರಳ. ನಿಂತು, ತಿಂದು, ಕೈ ಒರಸಿಕೊಂಡ ಮೇಲೆ "ಇದರಲ್ಲಿ ಅಜಿನೊಮೊಟೊ ಹಾಕಿರುತ್ತಾರೆ, ಅದು ವಿಷ" ಎಂದು ಪಕ್ಕದವನಿಗೆ ಉಪದೇಶ ಮಾಡದವರು ಇನ್ನೂ ವಿರಳ. ಆ ಉಪದೇಶಕರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಕಾಕಾ ಮೂಡಲಗಿಯಲ್ಲಿ ಗೋಬಿ ಗಾಡಿ ನಡೆಸುತ್ತಾರೆ. ನನ್ನ ಫೀ ಮತ್ತು ಪುಸ್ತಕಗಳ ಹಣದಲ್ಲಿ ಬಹುಪಾಲು ಆ ಗಾಡಿಯ ಬಾಣಲೆಯಿಂದಲೇ ಬಂದದ್ದು. ಬಿ.ಎ. ಮೊದಲ ವರ್ಷದಲ್ಲಿದ್ದಾಗ ಒಂದು ಸಂಜೆ, ಗಿರಾಕಿಗಳ ಎದುರಿನಲ್ಲಿಯೇ, "ಕಾಕಾ, ಈ ಬಿಳಿ ಪುಡಿ ವಿಷ, ಜನರಿಗೆ ಹಾಕಬೇಡ್ರಿ" ಎಂದುಬಿಟ್ಟೆ. ಅವರು ಮರುಮಾತಾಡಲಿಲ್ಲ. ಮರುದಿನ ಆ ಪೊಟ್ಟಣ ಗಾಡಿಯಲ್ಲಿರಲಿಲ್ಲ. ಮುಂದಿನ ಎರಡು ತಿಂಗಳು "ಮೊದಲಿನ ರುಚಿ ಇಲ್ಲ" ಎಂದು ಗಿರಾಕಿಗಳು ಬಾಜೂ ಗಾಡಿಗೆ ಸರಿದರು. ಮನೆಯಲ್ಲಿ ಕಾಕಾ ಅಂದದ್ದು ಇಷ್ಟೇ: "ನೀ ಸಾಲಿ ಕಲತಾಂವ, ಓದಿನ ಹೇಳಿರ್ತಿ ಅಂತ ಬಿಟ್ಟೆ."

ನಾನು ಓದಿರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿದ್ದೆ, ಅಷ್ಟೆ.

ಇನ್ನೂ ನಾಚಿಕೆಯ ಸಂಗತಿಯೆಂದರೆ ಅದೇ ಡಬ್ಬಿಗಳ ಸಾಲಿನಲ್ಲಿ ಕೆಂಪು ಬಣ್ಣದ ಪುಡಿಯೂ ಇತ್ತು. ಅದರ ಬಗ್ಗೆ ನಾನು ಒಂದು ಮಾತೂ ಆಡಲಿಲ್ಲ. ಗೋಬಿ ಎಂದ ಮೇಲೆ ಕೆಂಪಗೆ ಇರತಕ್ಕದ್ದೇ ಎಂದು ತಿಳಿದಿದ್ದೆ. ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿ ಹಾಗೂ ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣಗಳನ್ನು ನಿಷೇಧಿಸಿತು. ಪರೀಕ್ಷಿಸಿದ ೧೭೧ ಗೋಬಿ ಮಾದರಿಗಳಲ್ಲಿ ೧೦೭ ಅಸುರಕ್ಷಿತವೆಂದು ಕಂಡುಬಂದಿದ್ದವು. ಸರಕಾರ ಹಿಡಿದದ್ದು ಬಣ್ಣವನ್ನು, ಬಿಳಿ ಪುಡಿಯನ್ನಲ್ಲ. ಆ ಸುದ್ದಿಯನ್ನೋದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಆಮೇಲೆ ಓದತೊಡಗಿದೆ.

ಈ ಪುಡಿಯ ತೌರುಮನೆ ಜಪಾನ. ಅಲ್ಲಿಯ ಗೃಹಿಣಿಯರು ಕೊಂಬು ಎಂಬ ಕಡಲ ಸಸ್ಯವನ್ನು ನೀರಿಗೆ ಹಾಕಿ ಕಾಯಿಸಿ, ಅದರ ಸತ್ವವಿಳಿದ ನೀರಿನಿಂದ ಸಾರು ಮಾಡುತ್ತಾರೆ. ನಮ್ಮ ಅವ್ವಂದಿರು ಹೋಳಿಗೆಯ ದಿನ ಬೇಳೆ ಬಸಿದ ಕಟ್ಟನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವುದಿಲ್ಲವೆ? ಹಾಗೆಯೇ ಅದೂ. ಆ ಸಾರಿನ ರುಚಿ ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯಲ್ಲ, ಮತ್ತೇನು? ಈ ಪ್ರಶ್ನೆಯನ್ನು ಬೆನ್ನಟ್ಟಿದವರು ಟೋಕಿಯೋ ವಿಶ್ವವಿದ್ಯಾಲಯದ ರಸಾಯನ ಶಾಸ್ತ್ರಜ್ಞ ಕಿಕುನಾಯ್ ಇಕೆಡಾ. ೧೯೦೮ರಲ್ಲಿ ಅವರು ಕೊಂಬುವಿನಿಂದ ಗ್ಲುಟಾಮೇಟ್ ಎಂಬ ಸತ್ವವನ್ನು ಬೇರ್ಪಡಿಸಿ, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಮರುವರ್ಷವೇ ಅದರ ಸೋಡಿಯಂ ಲವಣ 'ಅಜಿನೊಮೊಟೊ' ಎಂಬ ಹೆಸರಿನಿಂದ ಪೇಟೆಗೆ ಬಂದಿತು. ರುಚಿಯ ಮೂಲ ಎಂದು ಅದರ ಅರ್ಥ. ನಾವು ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ, ವ್ಯಾಪಾರದ ಹೆಸರೇ ವಸ್ತುವಿನ ಹೆಸರಾಗಿ ನಮ್ಮೂರಿನವರೆಗೆ ನಡೆದುಬಂದಿದೆ. ೧೯೧೩ರಲ್ಲಿ ಕೊಡಾಮಾ ಎಂಬವರು ಒಣಮೀನಿನಿಂದ ಇನೊಸಿನೇಟ್ ಎಂಬ ಇನ್ನೊಂದು ರುಚಿಸತ್ವವನ್ನು ಕಂಡುಹಿಡಿದರು. ಅಣಬೆಯ ಗ್ವಾನಿಲೇಟ್ ಮೂರನೆಯದು. ಇವುಗಳಲ್ಲಿ ಒಂದು ಚಿಟಿಕೆ ಗ್ಲುಟಾಮೇಟಿನ ಜೊತೆ ಸೇರಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ.

ಈಗ ಈ ಪುಡಿಯನ್ನು ಕಡಲ ಸಸ್ಯದಿಂದ ತೆಗೆಯುವುದಿಲ್ಲ. ಸಕ್ಕರೆ ಕಾರಖಾನೆಯ ಕಾಕಂಬಿ, ಇಲ್ಲವೆ ಪಿಷ್ಟದಿಂದಾದ ಸಕ್ಕರೆಯನ್ನು ಸೂಕ್ಷ್ಮಾಣುಗಳಿಂದ ಹುದುಗಿಸಿ ಮಾಡುತ್ತಾರೆ. ಘಟಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುವ ನಮಗೆ ಕಾಕಂಬಿಯ ವಾಸನೆ ಹೊಸದೇನಲ್ಲ. ಗ್ಲುಟಾಮೇಟ್ ಹಣ್ಣಾದ ಟಮಾಟಿಯಲ್ಲಿದೆ, ಬಟಾಣಿಯಲ್ಲಿದೆ, ತಾಯಿಯ ಹಾಲಿನಲ್ಲಿಯೂ ಇದೆ.

ಹಾಗಾದರೆ ವಿಷವೆಂಬ ಮಾತು ಎಲ್ಲಿಂದ ಬಂತು? ೧೯೬೮ರಲ್ಲಿ ಅಮೆರಿಕೆಯ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ವೈದ್ಯರ ಓಲೆ ಅಚ್ಚಾಯಿತು: ಚೀನೀ ಊಟದ ಮನೆಯಲ್ಲಿ ಉಂಡ ಮೇಲೆ ಕುತ್ತಿಗೆ ಮರಗಟ್ಟುತ್ತದೆ, ಎದೆ ಬಡಿದುಕೊಳ್ಳುತ್ತದೆ, ಕಾರಣವೇನಿರಬಹುದು ಎಂದು. ಅವರು ಕೇಳಿದ್ದು ಪ್ರಶ್ನೆ. ಜಗತ್ತು ಅದನ್ನು ತೀರ್ಪೆಂದು ತೆಗೆದುಕೊಂಡಿತು. ಮುಂದೆ ನಡೆದ ಪರೀಕ್ಷೆಗಳಿಂದ ತಿಳಿದದ್ದೆಂದರೆ, ಅನ್ನಾಹಾರವಿಲ್ಲದೆ ಒಮ್ಮೆಗೇ ೩ ಗ್ರಾಮಿಗೆ ಮೀರಿ ಸೇವಿಸಿದ ಕೆಲವರಲ್ಲಿ ತಲೆನೋವಿನಂಥ ಅಲ್ಪಕಾಲದ ತೊಂದರೆ ಕಾಣಬಹುದು. ಪುಡಿ ಹಾಕಿದ ತಿನಿಸಿನ ಒಂದು ಪಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತ ಕಡಿಮೆ ಇರುತ್ತದೆ. ಆದರೂ ಕೈಯಳತೆಯಿಲ್ಲದೆ ಸುರಿಯುವುದನ್ನು ನಾನು ಸಮರ್ಥಿಸುತ್ತಿಲ್ಲ. ರುಚಿಗೆಟ್ಟ ಹಳೆಯ ಕಾಯಿಪಲ್ಯವನ್ನು ಈ ಪುಡಿಯಿಂದ ಮರೆಮಾಚಬಹುದು; ನನ್ನ ದೂರು ಅಲ್ಲಿದೆ.

ಗುರುತಿಸುವುದು ಹೇಗೆ? ಕಣ್ಣಿಗೆ ಅದು ಸೂಜಿಯಂತೆ ಉದ್ದನೆಯ ಬಿಳಿ ಹರಳು. ಉಪ್ಪಿನ ಹರಳು ಚೌಕ. ನಾಲಗೆಯ ಮೇಲೆ ಅದರ ರುಚಿ ತಿಂದಾದ ಮೇಲೂ ಉಳಿಯುತ್ತದೆ, ಬಾಯಲ್ಲಿ ನೀರೂರುತ್ತಲೇ ಇರುತ್ತದೆ. ಆದರೆ ಬಾಣಲೆಯಲ್ಲಿ ಬೆರೆತ ಮೇಲೆ, ಹಾಕಿದ್ದು ಯಾವುದು, ಟಮಾಟಿಯಿಂದ ಬಂದದ್ದು ಯಾವುದು ಎಂದು ಪ್ರಯೋಗಶಾಲೆಯೂ ಬೇರ್ಪಡಿಸಲಾರದು. ೨೦೧೫ರ ಮ್ಯಾಗಿ ಪ್ರಕರಣದಲ್ಲಿ ಸೀಸದ ಜೊತೆಗೆ ಚರ್ಚೆಯಾದದ್ದು ಇದೇ: ಪೊಟ್ಟಣದ ಮೇಲೆ ಹಾಕಿಲ್ಲವೆಂಬ ಬರಹ, ಪರೀಕ್ಷೆಯಲ್ಲಿ ಗ್ಲುಟಾಮೇಟ್. ಜೂನಿನಲ್ಲಿ ಬಂದ ನಿಷೇಧವನ್ನು ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟು ತೆಗೆದುಹಾಕಿತು.

ಆದ್ದರಿಂದ ಉಳಿಯುವುದು ಓದುವ ದಾರಿ. ಪೊಟ್ಟಣದ ಮೇಲೆ ೬೨೧ ಎಂದಿದ್ದರೆ ಅದೇ ಈ ಪುಡಿ. ೬೨೭ ಗ್ವಾನಿಲೇಟ್, ೬೩೧ ಇನೊಸಿನೇಟ್, ೬೩೫ ಎಂದರೆ ಅವೆರಡೂ ಕೂಡಿದ್ದು. ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಎಂದು ಬರೆದಿದ್ದರೂ ಅದರಲ್ಲಿ ಗ್ಲುಟಾಮೇಟ್ ಇದೆ. ೬೩೧ನ್ನು ಮಾಂಸ ಮೀನುಗಳಿಂದಲೂ ತೆಗೆಯಬಹುದು, ಹುದುಗಿಸಿಯೂ ಮಾಡಬಹುದು. ಶಾಕಾಹಾರಿಗಳು ಹಸಿರು ಚುಕ್ಕೆಯನ್ನು ನೋಡಿಕೊಳ್ಳಬೇಕು. ೬೨೧ ಸೇರಿಸಿದ ಪೊಟ್ಟಣದ ಮೇಲೆ ಅದನ್ನೂ, ಒಂದು ವರ್ಷದೊಳಗಿನ ಕೂಸುಗಳಿಗೆ ಸಲ್ಲದೆಂಬುದನ್ನೂ ಬರೆಯಬೇಕೆಂದು ನಮ್ಮ ದೇಶದ ನಿಯಮವಿದೆ.

ಬರೆಯಬೇಕು, ನಿಜ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಇಲ್ಲವೆ ದೇವನಾಗರಿಯ ಹಿಂದಿಯಲ್ಲಿ. ಬೇರೆ ಭಾಷೆಯನ್ನು ಬೇಕಾದರೆ ಸೇರಿಸಬಹುದಂತೆ, ಆ ನಿಯಮದಲ್ಲಿ ಕಡ್ಡಾಯವಿಲ್ಲ. ಮೊನ್ನೆ ಅವ್ವ ಮಸಾಲೆಯ ಪೊಟ್ಟಣವೊಂದನ್ನು ಹಿಡಿದು, "ಇದರಾಗ ಏನೈತಿ ನೋಡಪಾ, ಸಣ್ಣ ಕೂಸಿಗಿ ಹಾಕಬಹುದೇನು?" ಎಂದು ಕೇಳಿದಳು. ಅಕ್ಕನ ಮಗುವಿಗೆ ಎಂಟು ತಿಂಗಳು. ಅವ್ವನಿಗೆ ಕನ್ನಡ ಕೂಡಿಸಿ ಓದಲು ಬರುತ್ತದೆ. ಆ ಪೊಟ್ಟಣದ ಮೇಲೆ ಕನ್ನಡದ್ದೆಂದರೆ ಹೆಸರೊಂದೇ. ಹೆಸರು ಮಾರಲಿಕ್ಕೆ ಕನ್ನಡ ಬೇಕು, ಎಚ್ಚರಿಕೆಗೆ ಬೇಡ. ನಾನು ಮನೆಯಲ್ಲಿ ಇದ್ದೆ, ಓದಿ ಹೇಳಿದೆ. ನನ್ನಂಥವನಿಲ್ಲದ ಮನೆಗಳು ನಮ್ಮ ಓಣಿಯಲ್ಲಿಯೇ ಎಷ್ಟಿವೆ! ಕರ್ನಾಟಕದಲ್ಲಿ ಮಾರುವ ಪೊಟ್ಟಣದ ಮೇಲೆ ಈ ಎರಡು ಸಾಲಾದರೂ ಕನ್ನಡದಲ್ಲಿ ಕಡ್ಡಾಯವಾಗಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಗಾಡಿಗಳ ಮಾತೇನು? ಹಾಕುವವರು ಹಾಕುತ್ತೇವೆಂದು ಹೇಳಿ ಹಾಕಲಿ. ಕಾಕಾ ಬಣ್ಣವನ್ನು ಪೂರ್ತಿ ಬಿಟ್ಟಿದ್ದಾರೆ, ಬ್ಯಾಡಗಿ ಮೆಣಸಿನಕಾಯಿಯನ್ನು ಅರೆದು ಹಾಕುತ್ತಾರೆ. ಬಿಳಿ ಪುಡಿಯನ್ನು ನಾನೇ ಹೋಗಿ ತಪ್ಪೊಪ್ಪಿಕೊಂಡ ಮೇಲೆ ಚಿಕ್ಕ ಚಮಚದ ಅಳತೆಯಲ್ಲಿ ಮತ್ತೆ ಆರಂಭಿಸಿದ್ದಾರೆ. "ರುಚಿಪುಡಿ ಹಾಕುತ್ತೇವೆ, ಬೇಡವಾದವರು ಮೊದಲೇ ತಿಳಿಸಿರಿ" ಎಂದು ತಗಡಿನ ಹಲಗೆಯೊಂದನ್ನು ನನ್ನ ಕೈಯಾರೆ ಬರೆದುಕೊಟ್ಟಿದ್ದೇನೆ. ಅದಿನ್ನೂ ಗಾಡಿಯ ಕೆಳಗೇ ಇದೆ. "ನಾ ಒಬ್ಬಾಂವ ಹಾಕಿದ್ರ ಗಿರಾಕಿ ಹೆದರಿ ಬಾಜೂಕ ಹೋಗತಾರ, ಎಲ್ಲಾರೂ ಹಾಕಿದ್ರ ನಾನೂ ಹಾಕತೀನಿ" ಎನ್ನುತ್ತಾರೆ. ಎರಡು ತಿಂಗಳ ಗಿರಾಕಿಯನ್ನು ಒಮ್ಮೆ ಕಳೆದುಕೊಂಡವರಿಗೆ ನಾನೇನು ಹೇಳಲಿ? ಉಳಿದ ಗಾಡಿಯವರನ್ನು ಒಬ್ಬೊಬ್ಬರಾಗಿ ಕಂಡು ಮಾತಾಡುತ್ತಿದ್ದೇನೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಬೈದು ಕಳಿಸಿದ್ದಾರೆ.