ಹೆಸರೊಂದು, ವಸ್ತು ಹಲವು



ವಿಳಾಸ ತಿದ್ದುವುದು ನಮ್ಮ ಗಡಿನಾಡಿನವರಿಗೆ ಹೊಸತಲ್ಲ. ಮನೆ ಕದಲದಿದ್ದರೂ ರಾಜ್ಯದ ಹೆಸರು 1956ರಲ್ಲಿಯೂ 2014ರಲ್ಲಿಯೂ ಬದಲಾಯಿತು. ಮಹಬೂಬನಗರ ಜಿಲ್ಲೆಯಿಂದ 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆ, ಮಕ್ತಲಗಳೂ ಬೇರೆಯಾದವು. ಮಿಂಚಂಚೆಯ ತಂತ್ರಾಂಶದ ತೊಡಕು ಇದಕ್ಕೆ ವಿಪರೀತವಾದುದು: ಅಲ್ಲಿ ಹೆಸರು ಒಂದೇ, ವಸ್ತು ಬೇರೆ.

ಮೈಕ್ರೋಸಾಫ್ಟ್ ಸಂಸ್ಥೆಯು 1997ರಲ್ಲಿ 'ಔಟ್‌ಲುಕ್', 'ಔಟ್‌ಲುಕ್ ಎಕ್ಸ್‌ಪ್ರೆಸ್' ಎಂಬ ಎರಡು ಪ್ರತ್ಯೇಕ ತಂತ್ರಾಂಶಗಳನ್ನು ಹೊರತಂದಿತು. ಎರಡನೆಯದರ ಸ್ಥಾನಕ್ಕೆ 2007ರಲ್ಲಿ 'ವಿಂಡೋಸ್ ಮೇಲ್' ಬಂದಿತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್, 2013ರಲ್ಲಿ 'ಔಟ್‌ಲುಕ್ ಡಾಟ್ ಕಾಮ್' ಎನಿಸಿತು. ವಿಂಡೋಸ್‌ನೊಡನೆ ಬರುತ್ತಿದ್ದ 'ಮೇಲ್' 2024ರ ಕೊನೆಗೆ ನಿಂತು 'ಹೊಸ ಔಟ್‌ಲುಕ್' ಬಂದಿದೆ. ಮೂಲ ಔಟ್‌ಲುಕ್ಕಿಗೆ ಈಗ 'ಕ್ಲಾಸಿಕ್' ಎಂಬ ವಿಶೇಷಣ.

ಇದು ಬರಿಯ ಹೆಸರಿನ ಗೊಂದಲವಲ್ಲ. ಎಕ್ಸ್‌ಪ್ರೆಸ್‌ನ ಕಾಲದಲ್ಲಿ ಪತ್ರಗಳು ಸಾಮಾನ್ಯವಾಗಿ ಮನೆಯ ಗಣಕಯಂತ್ರದಲ್ಲಿಯೇ ಉಳಿಯುತ್ತಿದ್ದವು. ಪ್ರತಿ ತೆಗೆಯದೆ ಯಂತ್ರವನ್ನು ಮಾರಿದವರು ದೂರದ ಮಕ್ಕಳು ಬರೆದ ಪತ್ರಗಳನ್ನೂ ಅದರೊಡನೆ ಕಳೆದುಕೊಂಡರು.

ಆದುದರಿಂದ ಹೊಸದಕ್ಕೆ ಒಪ್ಪಿಗೆಯ ಗುಂಡಿ ಒತ್ತುವ ಮುನ್ನ, ಅದರ ಹೆಸರನ್ನಷ್ಟೇ ನಂಬದೆ, ಹಳೆಯ ಪತ್ರಗಳು ಎಲ್ಲಿವೆಯೆಂದು ವಿಚಾರಿಸಿರಿ; ಪ್ರತಿಯೊಂದನ್ನು ತೆಗೆದಿರಿಸಿರಿ. ಹೆಸರನ್ನು ಮತ್ತೆ ಕಲಿಯಬಹುದು. ಹೋದ ಪತ್ರ ಮರಳಿ ಬಾರದು.