ಸ್ವರ ಕಡಿಮೆಯಾದರೆ ಪಾಠ ಸುಲಭವೇ?

ಪಾಠಯೋಜನೆಯ ಪುಸ್ತಕದಲ್ಲಿ ನಾವು ಬರೆಯುವ ಬೋಧನಾ ಸೂತ್ರಗಳಲ್ಲಿ ‘ಸರಳದಿಂದ ಸಂಕೀರ್ಣದೆಡೆಗೆ’ ಎಂಬುದು ತಪ್ಪದೆ ಇರುತ್ತದೆ. ವೀಕ್ಷಣೆಗೆ ಹೋದಾಗ ಯಾವ ಪ್ರಶಿಕ್ಷಣಾರ್ಥಿಯನ್ನು ಕೇಳಿದರೂ ಅದನ್ನು ಥಟ್ಟನೆ ಹೇಳುತ್ತಾರೆ. ಯಾವುದು ಸರಳ, ಯಾರಿಗೆ ಸರಳ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಈ ಪ್ರಶ್ನೆಯನ್ನು ನನಗೆ ಚೆನ್ನಾಗಿ ಪರಿಚಯವಿರುವ ಒಂದು ಮೂಲೆಯಿಂದ ಎತ್ತಿಕೊಳ್ಳುತ್ತೇನೆ. ಈ ಕಾಲೇಜಿಗೆ ಬರುವ ಮುಂಚೆ ಕೆಲವು ವರ್ಷ ಅಮೆರಿಕದ ಒಂದು ಶಾಲೆಯಲ್ಲಿ ಮಕ್ಕಳ ಜಾಝ್ ಬ್ಯಾಂಡು ನಡೆಸುತ್ತಿದ್ದೆ. ಅಂಥ ಬ್ಯಾಂಡಿಗೆ ಶಿಕ್ಷಕರು ‘ಬ್ಯಾಲಡ್’, ಎಂದರೆ ನಿಧಾನಗತಿಯ ಹಾಡು, ಆರಿಸುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಸಂಗೀತ ವಿಷಯವಲ್ಲದವರಿಗೂ ಅರ್ಥವಾಗುವಂತೆ ಅದನ್ನು ಹೇಳಲು ಯತ್ನಿಸುತ್ತೇನೆ.

ಮೊದಲು ಬ್ಯಾಂಡಿನ ಪರಿಚಯ. ಪೂರ್ಣ ಪ್ರಮಾಣದ ಜಾಝ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಐದು ಸ್ಯಾಕ್ಸೊಫೋನು, ನಾಲ್ಕು ಟ್ರಂಪೆಟ್ಟು, ನಾಲ್ಕು ಟ್ರೊಂಬೋನು, ಜೊತೆಗೆ ಪಿಯಾನೊ, ಗಿಟಾರು, ಬೇಸ್ ಮತ್ತು ಡ್ರಮ್ಸ್ ಇರುತ್ತವೆ. ಸ್ಯಾಕ್ಸೊಫೋನ್ ನಮಗೆ ಹೊಸದಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಮನೆಮಾತು ಮಾಡಿದರು. ಟ್ರೊಂಬೋನ್ ಎಂದರೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಸ್ವರ ಹಿಡಿಯುವ ಉದ್ದನೆಯ ಹಿತ್ತಾಳೆ ವಾದ್ಯ. ಅಮೆರಿಕದ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಇವೆಲ್ಲ ಕೈಗೆ ಬಂದು ಒಂದೆರಡು ವರ್ಷವಾಗಿರುತ್ತದೆ, ಅಷ್ಟೆ.

ಅವರಿಗೆಂದು ಪ್ರಕಾಶಕರು ಅರೇಂಜ್‌ಮೆಂಟುಗಳನ್ನು ಅಚ್ಚು ಹಾಕುತ್ತಾರೆ. ಒಂದು ಹಾಡಿನಲ್ಲಿ ಯಾವ ವಾದ್ಯ ಯಾವಾಗ ಏನು ನುಡಿಸಬೇಕೆಂದು ಹಂಚಿ ಬರೆದ ಪ್ರತಿ ಅದು. ಅದಕ್ಕೆ ಒಂದು, ಎರಡು, ಮೂರು ಎಂದು ಕಷ್ಟದ ದರ್ಜೆ ಕೊಟ್ಟಿರುತ್ತಾರೆ, ಇಲ್ಲವೆ ‘ಸುಲಭ’ ಎಂದೇ ನಮೂದಿಸಿರುತ್ತಾರೆ. ವಾರ್ಷಿಕ ಕಛೇರಿಗೆ ಮೂರು ವೇಗದ ಹಾಡು ಆರಿಸಿದ ಶಿಕ್ಷಕ ನಡುವೆ ಒಂದು ನಿಧಾನದ್ದಿರಲಿ ಎಂದು ಪಟ್ಟಿ ನೋಡುತ್ತಾನೆ. ‘ಸುಲಭ’ ಎಂದಿರುವ ಬ್ಯಾಲಡ್ ಸಿಗುತ್ತದೆ. ಪುಟ ತಿರುವಿದರೆ ಸ್ವರಗಳು ವಿರಳ, ಓಟವಿಲ್ಲ, ತೀರಾ ತಾರಸ್ಥಾಯಿಯಿಲ್ಲ. ಎರಡು ವಾರದ ಕೆಲಸ ಎಂದುಕೊಂಡು ತರಿಸುತ್ತಾನೆ.

ಆ ದರ್ಜೆ ಪುಟದ ಮೇಲಿನ ಮಸಿಯ ಲೆಕ್ಕ. ಮಗುವಿನ ಉಸಿರಿನ ಲೆಕ್ಕ ಅದರಲ್ಲಿಲ್ಲ. ಬ್ಯಾಲಡ್ಡಿನ ಗತಿ ನಿಮಿಷಕ್ಕೆ 60 ಎಣಿಕೆ ಎಂದಿಟ್ಟುಕೊಳ್ಳಿ. ಒಂದು ಎಣಿಕೆ ಒಂದು ಸೆಕೆಂಡು. ನಾಲ್ಕು ಎಣಿಕೆಯ ಆವರ್ತದ ಉದ್ದಕ್ಕೂ ಹಿಡಿಯಬೇಕಾದ ಒಂದು ಸ್ವರ ನಾಲ್ಕು ಸೆಕೆಂಡು. ಅದು ಮುಂದಿನ ಆವರ್ತಕ್ಕೂ ಚಾಚಿದರೆ ಎಂಟು. ಕಾಗದದ ಮೇಲೆ ಅದು ಎರಡು ಬಿಳಿಯ ಮೊಟ್ಟೆ, ನಡುವೆ ಒಂದು ಕಮಾನು. ಹನ್ನೆರಡು ವರ್ಷದ ಹುಡುಗಿ ಅದನ್ನು ಮೆಲುದನಿಯಲ್ಲಿ, ಶ್ರುತಿ ಅಲುಗದಂತೆ, ಪಕ್ಕದವರ ಜೊತೆ ಒಟ್ಟಿಗೆ ಆರಂಭಿಸಿ ಒಟ್ಟಿಗೆ ನಿಲ್ಲಿಸಬೇಕು. ಊದುವ ವಾದ್ಯದಲ್ಲಿ ಮೆಲ್ಲಗೆ ನುಡಿಸಲು ಜೋರಾಗಿ ನುಡಿಸುವುದಕ್ಕಿಂತ ಹೆಚ್ಚಿನ ಹಿಡಿತ ಬೇಕು. ಐದನೆಯ ಸೆಕೆಂಡಿಗೆ ಉಸಿರು ಸಡಿಲವಾಗುತ್ತದೆ, ಸ್ವರ ಬಾಡುತ್ತದೆ. ನಾಲ್ಕು ಮಕ್ಕಳ ಸ್ವರ ನಾಲ್ಕು ಬಗೆಯಲ್ಲಿ ಬಾಡುತ್ತದೆ. ಇತ್ತ ಡ್ರಮ್ಸಿನ ಹುಡುಗನಿಗೆ ಕೋಲಿನ ಬದಲು ತಂತಿಯ ಕುಂಚ ಕೊಟ್ಟು, ಡೋಲಿನ ಮೇಲೆ ಸವರುತ್ತಾ ಲಯ ಕಾಯಬೇಕು ಎಂದಿರುತ್ತೇವೆ. ಬಡಿದರೆ ಕೇಳುವ ಲಯ ಸವರಿದರೆ ಅವನಿಗೇ ಕೇಳಿಸುವುದಿಲ್ಲ. 60ರಲ್ಲಿ ಹೊರಟ ಬ್ಯಾಂಡು ಮೂರನೆಯ ಸಾಲಿಗೆ 70 ದಾಟಿರುತ್ತದೆ.

ಸರಳೆ ವರಸೆ ಕಲಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಮೂರು ಕಾಲಗಳಲ್ಲಿ ಮೊದಲನೆಯದು ಸುಲಭ, ಮೂರನೆಯದು ಕಷ್ಟ ಎಂದು ಮಗು ತಿಳಿದಿರುತ್ತದೆ. ಮೂರನೆಯ ಕಾಲದಲ್ಲಿ ತುಸು ಜಾರಿದ ಗಾಂಧಾರ ಯಾರ ಕಿವಿಗೂ ಬೀಳದೆ ದಾಟಿಹೋಗುತ್ತದೆ. ಮೊದಲ ಕಾಲದಲ್ಲಿ ಅದು ಬೀದಿಯ ಮಧ್ಯೆ ನಿಂತ ಎಮ್ಮೆಯಂತೆ, ಎಲ್ಲರೂ ನೋಡುತ್ತಾರೆ.

ದೊಡ್ಡವರಿಗೂ ಇದು ಬಿಡದ ಕಷ್ಟ. ನೀಲ್ ಹೆಫ್ಟಿ ಬರೆದ ‘ಲಿಲ್ ಡಾರ್ಲಿನ್’ ಎಂಬ ತುಣುಕನ್ನು ಕೌಂಟ್ ಬೇಸಿಯ ಬ್ಯಾಂಡು 1957ರಲ್ಲಿ ಧ್ವನಿಮುದ್ರಿಸಿತು. ಹೆಫ್ಟಿ ಅದನ್ನು ಇನ್ನೂ ಚುರುಕಾದ ಗತಿಗೆಂದು ಬರೆದಿದ್ದ, ನಿಧಾನಿಸಿದ್ದು ಬೇಸಿ ಎಂಬುದು ಜಾಝ್ ವಲಯದಲ್ಲಿ ಬಹಳ ಪ್ರಚಲಿತವಾದ ಮಾತು. ಸ್ವರಗಳು ಕೆಲವೇ, ಗದ್ದಲವಿಲ್ಲ, ನಡುವೆ ವೆಂಡೆಲ್ ಕಲಿಯ ಮೃದುವಾದ ಟ್ರಂಪೆಟ್ಟು. ಕೇಳಿದರೆ ಯಾರಾದರೂ ನುಡಿಸಬಹುದು ಎನಿಸುತ್ತದೆ. ಆ ಎಲ್ಲ ವಾದಕರೂ ಪ್ರತಿ ಸ್ವರವನ್ನು ಒಂದೇ ಕೂದಲೆಳೆಯಷ್ಟು ತಡಮಾಡಿ ಇಡುತ್ತಾರೆ ಎಂಬುದು ನುಡಿಸಲು ಕೂತಾಗಲೇ ತಿಳಿಯುವುದು. ಮಕ್ಕಳ ಬ್ಯಾಂಡಿಗೆ ಇದನ್ನು ‘ಸುಲಭ’ದ ಪಟ್ಟಿಯಿಂದ ಎತ್ತಿ ಕೊಡುವವರನ್ನು ಕಂಡರೆ ನನಗೆ ಗಾಬರಿ.

ಹಾಗಿದ್ದರೆ ಹೇಗೆ ಆರಿಸಬೇಕು? ನಾನು ಮೊದಲು ನೋಡುತ್ತಿದ್ದದ್ದು ಮೂರನೆಯ ಟ್ರೊಂಬೋನಿನ ಹಾಳೆಯನ್ನು. ಬ್ಯಾಂಡಿನಲ್ಲಿ ಯಾರ ಗಮನಕ್ಕೂ ಬಾರದ ಮಗು ಸಾಮಾನ್ಯವಾಗಿ ಅಲ್ಲಿ ಕೂತಿರುತ್ತದೆ. ಆ ಹಾಳೆಯನ್ನು ಮೇಜಿನ ಮೇಲಿಟ್ಟು, ಬರೆದ ಗತಿಯಲ್ಲಿ ಕೈತಾಳ ಹಾಕುತ್ತಾ ಪೂರ್ತಿ ಹಾಡಿ ನೋಡಬೇಕು. ಉಸಿರು ಎಲ್ಲಿ ತೆಗೆದುಕೊಳ್ಳುವುದು? ಜಾಗವೇ ಇಲ್ಲದಿದ್ದರೆ ಆ ಅರೇಂಜ್‌ಮೆಂಟು ಮಕ್ಕಳನ್ನು ನೆನೆದು ಬರೆದದ್ದಲ್ಲ. ಕೊಳವೆ ಪೂರ್ತಿ ಹೊರಕ್ಕೆ ಚಾಚಬೇಕಾದ ಕೆಳಸ್ವರಗಳಿವೆಯೇ? ಗಿಡ್ಡ ಕೈಯ ಮಕ್ಕಳಿಗೆ ಕೊನೆಯ ಸ್ಥಾನ ಎಟುಕುವುದೇ ಇಲ್ಲ. ಟ್ರಂಪೆಟ್ಟಿಗೆ ಮ್ಯೂಟ್ ಹಾಕಿಸಿದ್ದಾರೆಯೇ? ಹಲವು ಬಗೆಯ ಮ್ಯೂಟುಗಳು ಶ್ರುತಿಯನ್ನು ತುಸು ಮೇಲಕ್ಕೆ ಎಳೆಯುತ್ತವೆ. ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರು ಬಟ್ಟಲನ್ನೇ ಮ್ಯೂಟ್ ಮಾಡಿಕೊಳ್ಳುವುದು ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ ಕಾಲದಿಂದ ಬಂದ ಪದ್ಧತಿ. ಮಕ್ಕಳಿಗೆ ಅದು ಬಲು ಇಷ್ಟ, ಆದರೆ ಬ್ಯಾಲಡ್ಡಿನ ದಿನ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು. ಹಾಡಿನ ರಾಗ ಆ ಮಗುವಿಗೆ ಒಮ್ಮೆಯಾದರೂ ಬರುತ್ತದೆಯೇ? ಮಾರುಕಟ್ಟೆಯ ಬಹುಪಾಲು ಬ್ಯಾಲಡ್ಡುಗಳ ಹಂದರ ಒಂದೇ: ಆಲ್ಟೊ ಸ್ಯಾಕ್ಸೊಫೋನಿನ ಒಬ್ಬ ಜಾಣ ಹುಡುಗ ಮುಂದೆ ನಿಂತು ಹಾಡನ್ನೆಲ್ಲ ನುಡಿಸುತ್ತಾನೆ, ಉಳಿದ ಹದಿನಾರು ಮಕ್ಕಳು ಹಿಂದೆ ಉದ್ದುದ್ದ ಸ್ವರ ಹಿಡಿದು ಕೂರುತ್ತಾರೆ. ಶಿಕ್ಷಕನಿಗೆ ಇದು ಅನುಕೂಲ. ಒಬ್ಬನನ್ನು ತಯಾರು ಮಾಡಿದರೆ ಹಾಡು ಗೆದ್ದಂತೆ, ಪೋಷಕರು ಚಪ್ಪಾಳೆ ತಟ್ಟುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ವರ್ಷಕ್ಕೆ ಒಂದೇ ನಿಧಾನದ ಹಾಡು ನುಡಿಸುವ ಬ್ಯಾಂಡಿನಲ್ಲಿ ಆ ಹಾಡಿನಿಂದ ಕಲಿಯಬೇಕಾದ್ದನ್ನು, ಎಂದರೆ ಒಂದು ಸಾಲನ್ನು ಮಾತಿನಂತೆ ಎತ್ತಿ, ಬಾಗಿಸಿ, ಇಳಿಸುವುದನ್ನು, ಆಗಲೇ ಅದು ಬರುವ ಒಬ್ಬನಿಗೆ ಮಾತ್ರ ಕೊಟ್ಟಂತಾಯಿತು. ತರಗತಿಯಲ್ಲಿ ಮುಂದಿನ ಬೆಂಚಿನ ಒಬ್ಬಳಿಂದಲೇ ಉತ್ತರ ಹೇಳಿಸುವ ಪಾಠಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಜೊತೆಯಲ್ಲಿ ಕೆಲಸ ಮಾಡಿದ ಹಿರಿಯ ಶಿಕ್ಷಕರೊಬ್ಬರು ಇದಕ್ಕೆ ಹೀಗೆ ಉತ್ತರಿಸುತ್ತಿದ್ದರು: ಹಿಂದೆ ಕೂತು ಸ್ವರ ಹಿಡಿಯುವವರೂ ಕಲಿಯುತ್ತಾರೆ, ಆಲಿಸುವುದನ್ನು ಕಲಿಯುತ್ತಾರೆ. ಮಾತು ಸುಳ್ಳಲ್ಲ. ತಂಬೂರಿ ಮೀಟುವವನೂ ಸಂಗೀತಗಾರನೇ. ಆದರೆ ಏನನ್ನು ಆಲಿಸಬೇಕು ಎಂದು ತಿಳಿಯಲು ಆ ರಾಗ ಒಮ್ಮೆ ತನ್ನ ಉಸಿರಿನಿಂದಲೂ ಹೊರಟಿರಬೇಕು. ಅದಕ್ಕೆ ಉಪಾಯವಿಲ್ಲದೆ ಇಲ್ಲ. ತರಿಸಿದ ಪ್ರತಿಯಲ್ಲಿ ರಾಗ ಒಬ್ಬನಿಗೇ ಇದ್ದರೆ, ಮೊದಲ ವಾರ ಎಲ್ಲ ವಾದ್ಯಗಳಿಗೂ ರಾಗವನ್ನು ಬಾಯಿಪಾಠವಾಗಿ ಕಲಿಸಿ, ಆಮೇಲೆ ಹಾಳೆ ಹಂಚಬೇಕು. ಬಾಯಲ್ಲಿ ಹಾಡಿಸಿ, ನಂತರ ವಾದ್ಯದಲ್ಲಿ. ನಮ್ಮಲ್ಲಿ ಇದನ್ನು ಹೇಳಿಕೊಡುವ ಅಗತ್ಯವಿಲ್ಲ. ಅಲ್ಲಿ ಹಾಳೆಯಿಂದಲೇ ಆರಂಭಿಸುವ ಶಿಕ್ಷಕರು ಬಹಳ.

ಇನ್ನು ಹಾಡುಗಳ ಮಾತು. ‘ಬಾಡಿ ಅಂಡ್ ಸೋಲ್’ 1930ರ ಹಾಡು. 1939ರಲ್ಲಿ ಕೋಲ್ಮನ್ ಹಾಕಿನ್ಸ್ ನುಡಿಸಿದ ಮೇಲೆ ಅದಕ್ಕೆ ಪುರಾಣದ ಪಟ್ಟ ಸಿಕ್ಕಿತು. ಅದರ ನಡುಭಾಗ ಇದ್ದಕ್ಕಿದ್ದಂತೆ ಅರ್ಧ ಸ್ವರ ಮೇಲಿನ ಶ್ರುತಿಗೆ ನೆಗೆಯುತ್ತದೆ. ಮೂಲ ಶ್ರುತಿಯಲ್ಲಿ ನುಡಿಸಿದರೆ ಆಲ್ಟೊ ಸ್ಯಾಕ್ಸೊಫೋನಿನವರಿಗೆ ಆ ಜಾಗದಲ್ಲಿ ಒಮ್ಮೆಗೇ ಐದು ಶಾರ್ಪುಗಳು ಎದುರಾಗುತ್ತವೆ. ಎಷ್ಟೇ ಸರಳ ಮಾಡಿದರೂ ಆ ನೆಗೆತ ಉಳಿದೇ ಉಳಿಯುತ್ತದೆ. ಕಾಯಬಹುದಾದ ಹಾಡು ಅದು.

ಬದಲಿಗೆ ಎಲಿಂಗ್ಟನ್ 1935ರಲ್ಲಿ ರಚಿಸಿದ ‘ಇನ್ ಎ ಸೆಂಟಿಮೆಂಟಲ್ ಮೂಡ್’ ನೋಡಿ. ಅದರ ಮೊದಲ ಏರಿಕೆಯಲ್ಲಿ ಬರುವುದು ಎಫ್, ಜಿ, ಎ, ಸಿ, ಡಿ ಎಂಬ ಐದೇ ಸ್ವರಗಳು. ಎಫ್ ಅನ್ನು ಷಡ್ಜ ಎಂದುಕೊಂಡರೆ ಅವು ನಮ್ಮ ಮೋಹನದ ಸ್ವರಗಳೇ. ಐದು ಸ್ವರಗಳ ಏಣಿ ಮಕ್ಕಳ ಬಾಯಿಗೆ ಬೇಗ ಕೂರುತ್ತದೆ, ಅದನ್ನು ಇಡೀ ಬ್ಯಾಂಡಿಗೆ ಒಟ್ಟಿಗೆ ಕಲಿಸಬಹುದು. ಇದರಲ್ಲಿಯೂ ನಡುಭಾಗ ಬೇರೆ ಶ್ರುತಿಗೆ ಹೋಗುತ್ತದೆ; ಅದನ್ನು ಕೈಬಿಟ್ಟು ಮೊದಲ ಭಾಗವನ್ನಷ್ಟೇ ಹಂಚಿಕೊಂಡು ನುಡಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಥ್ಯಾಡ್ ಜೋನ್ಸ್‌ನ ‘ಎ ಚೈಲ್ಡ್ ಈಸ್ ಬಾರ್ನ್’ ನನ್ನ ಇನ್ನೊಂದು ಆಯ್ಕೆ. ಅದು ಮೂರು ಎಣಿಕೆಯ ಹಾಡು, ಆವರ್ತ ತುಂಬುವ ಸ್ವರಕ್ಕೆ ನಾಲ್ಕರ ಬದಲು ಮೂರೇ ಎಣಿಕೆಯ ಉಸಿರು ಸಾಕು. ಒಂದು ಎಣಿಕೆಯ ಉಳಿತಾಯ ಹನ್ನೊಂದು ವರ್ಷದವನಿಗೆ ಎಷ್ಟು ದೊಡ್ಡದೆಂದು ಊದಿಸಿ ನೋಡಿದವರಿಗೆ ಗೊತ್ತು. ವಾಡಿಕೆಯ 32 ಆವರ್ತಗಳ ಬದಲು 30ಕ್ಕೇ ಅದು ಮುಗಿಯುತ್ತದೆ ಎಂಬುದನ್ನು ಮಕ್ಕಳೇ ಎಣಿಸಿ ಕಂಡುಹಿಡಿಯಲಿ. ಜೊತೆಗೆ ಅದರ ವಸ್ತು ಆಗ ತಾನೇ ಹುಟ್ಟಿದ ಕೂಸು. ಬ್ಯಾಲಡ್ಡುಗಳಲ್ಲಿ ಹೆಚ್ಚಿನವು ಪ್ರೇಮದ, ಪ್ರೇಮಭಂಗದ ಹಾಡುಗಳು. ಏಳನೆಯ ತರಗತಿಯಲ್ಲಿ ಅವುಗಳ ಅರ್ಥ ಹೇಳಹೊರಟರೆ ಹಿಂದಿನ ಸಾಲಿನಿಂದ ಕಿಸಿಕಿಸಿ ಶುರುವಾಗುತ್ತದೆ. ತಮ್ಮನನ್ನೋ ತಂಗಿಯನ್ನೋ ಮೊದಲ ಸಲ ಎತ್ತಿಕೊಂಡದ್ದು ಅವರಿಗೆ ನೆನಪಿರುತ್ತದೆ. ಹಾಗೆ ನುಡಿಸಿ ಎಂದರೆ ಸಾಕು, ದನಿ ತಾನಾಗಿ ತಗ್ಗುತ್ತದೆ.

ಮಕ್ಕಳಿಗೆಂದು ಸರಳಗೊಳಿಸುವುದೇ ತಪ್ಪು, ಮೂಲವನ್ನೇ ಕೊಡಬೇಕು ಎನ್ನುವವರಿದ್ದಾರೆ. ನ್ಯೂಯಾರ್ಕಿನ ಜಾಝ್ ಅಟ್ ಲಿಂಕನ್ ಸೆಂಟರ್ ಸಂಸ್ಥೆ ತನ್ನ ‘ಎಸೆನ್ಷಿಯಲಿ ಎಲಿಂಗ್ಟನ್’ ಕಾರ್ಯಕ್ರಮದಲ್ಲಿ ಎಲಿಂಗ್ಟನ್‌ನ ಅರೇಂಜ್‌ಮೆಂಟುಗಳನ್ನು ಪ್ರೌಢಶಾಲಾ ಬ್ಯಾಂಡುಗಳಿಗೆ ಒದಗಿಸುತ್ತಾ ಬಂದಿದೆ. ಹದಿನಾರು ಹದಿನೇಳರ ನುರಿತ ಮಕ್ಕಳಿಗೆ ಅದು ದೊಡ್ಡ ವರ. ಹನ್ನೊಂದರವರಿಗೆ ಅದನ್ನೇ ಬಡಿಸುವುದು ಹಲ್ಲು ಬರುವ ಮುಂಚೆ ಕಬ್ಬು ಕೊಟ್ಟಂತೆ.

ಗತಿಯ ವಿಷಯದಲ್ಲಿ ನಾನು ನಿಷ್ಠುರವಾಗಿ ಹೇಳುತ್ತೇನೆ: ಹಾಳೆಯ ಮೇಲೆ 60 ಎಂದಿದ್ದರೆ 76ರಿಂದ ಆರಂಭಿಸಿ. ನಿಧಾನದ ಹಾಡಿನ ಸೊಗಸು ಕೆಡುತ್ತದೆ ಎಂದು ಶುದ್ಧವಾದಿಗಳು ಮುಖ ಸಿಂಡರಿಸುತ್ತಾರೆ. ಉಸಿರುಗಟ್ಟಿದ ಮಗುವಿನ ಸ್ವರದಲ್ಲಿ ಯಾವ ಸೊಗಸು? ಒಂದೊಂದು ಎಣಿಕೆಯೊಳಗೂ ಮೂರು ಚಿಕ್ಕ ಬಡಿತಗಳನ್ನು ತೊಡೆಯ ಮೇಲೆ ತಟ್ಟಿಸುತ್ತಾ ನುಡಿಸಿದರೆ, ಖಾಲಿ ಎನಿಸುತ್ತಿದ್ದ ಎಣಿಕೆ ಮಕ್ಕಳಿಗೆ ತುಂಬಿದಂತೆ ಭಾಸವಾಗುತ್ತದೆ, ಓಡುವ ಚಪಲ ಕಡಿಮೆಯಾಗುತ್ತದೆ. ವಾರಕ್ಕೆ ನಾಲ್ಕು ಎಣಿಕೆಯಂತೆ ಇಳಿಸುತ್ತಾ ಬಂದರೆ ತಿಂಗಳಲ್ಲಿ 60 ತಲುಪಬಹುದು. 66ಕ್ಕೆ ನಿಂತರೂ ನಷ್ಟವಿಲ್ಲ. ಎರಡು ವಾರದ ಕೆಲಸವಂತೂ ಅಲ್ಲ.

ಇಷ್ಟು ತೊಡಕಿದ್ದರೆ ಬ್ಯಾಲಡ್ಡನ್ನೇ ಬಿಟ್ಟುಬಿಡಬಾರದೇ? ಬಿಡುವವರೂ ಇದ್ದಾರೆ. ನಾಲ್ಕೂ ವೇಗದ ಹಾಡು, ಎಲ್ಲವೂ ಜೋರು, ಮಕ್ಕಳಿಗೂ ಖುಷಿ. ಅಂಥ ಬ್ಯಾಂಡಿನಲ್ಲಿ ಮೂರನೆಯ ಟ್ರೊಂಬೋನಿನ ಹುಡುಗಿ ಮೂರು ವರ್ಷ ಕೂತು, ತನ್ನ ಸ್ವರ ಹೇಗಿದೆಯೆಂದು ಒಮ್ಮೆಯೂ ಕೇಳಿಸಿಕೊಳ್ಳದೆ ಎದ್ದುಹೋಗಬಹುದು. ಗದ್ದಲ ಅವಳನ್ನು ಕಾಪಾಡುತ್ತದೆ, ಅಡಗಿಸಿಯೂ ಬಿಡುತ್ತದೆ. ನಿಧಾನದ ಹಾಡಿನಲ್ಲಿ ಅವಳಿಗೆ ತನ್ನ ಸ್ವರ ಕೇಳುತ್ತದೆ, ಪಕ್ಕದವನ ಸ್ವರವೂ ಕೇಳುತ್ತದೆ, ಎರಡೂ ಕೂಡಿದಾಗ ಗಾಳಿಯಲ್ಲಿ ಆಗುವ ನಡುಕ ನಿಂತದ್ದೂ ಕೇಳುತ್ತದೆ.

ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಬರೋಣ. ಬೋಧನಾಭ್ಯಾಸದ ಮೊದಲ ವಾರಕ್ಕೆ ಚಿಕ್ಕ ಪದ್ಯ, ಪುಟ್ಟ ಲೆಕ್ಕ, ಎರಡೇ ಸಾಲಿನ ವ್ಯಾಖ್ಯೆ ಆರಿಸಿ ‘ಸುಲಭದ ಪಾಠ ಸಾರ್’ ಎನ್ನುವುದನ್ನು ಪ್ರತಿ ವರ್ಷ ಕೇಳುತ್ತೇನೆ. ಎಂಟು ಸಾಲಿನ ಭಾವಗೀತೆಯಲ್ಲಿ ಮರೆಯಾಗಲು ಜಾಗವಿಲ್ಲ. ಎರಡು ಪುಟದ ಕಥೆಯಲ್ಲಿ ಇದೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನೆ, ಕಪ್ಪುಹಲಗೆ ಬಳಕೆ, ಮುಕ್ತಾಯ ಎಲ್ಲಕ್ಕೂ ಅಂಕಣವಿದೆ. ಈ ಪಾಠಕ್ಕೆ ಈ ವಸ್ತುವನ್ನು ಏಕೆ ಆರಿಸಿದಿರಿ, ತರಗತಿಯ ಯಾವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಸುಲಭವೆಂದಿರಿ ಎಂದು ಕೇಳುವ ಅಂಕಣವಿಲ್ಲ. ಮುಂದಿನ ಸೆಮಿಸ್ಟರಿನ ನಮೂನೆ ಅಚ್ಚಿಗೆ ಹೋಗುವ ಮುಂಚೆ ಅದನ್ನು ಸೇರಿಸುವ ಬಗ್ಗೆ ವಿಧಾನ ಬೋಧಕರೆಲ್ಲ ಒಮ್ಮೆ ಕೂತು ಮಾತಾಡಬೇಕೆಂದು ಕೋರುತ್ತೇನೆ. ಉತ್ತರ ಬರೆಯಲು ಮೂರು ಸಾಲು ಜಾಗ ಸಾಕು.