ಹಳೆಯ ರೈಫಲ್ಲಿಗೆ ಹೊಸ ನಳಿಗೆ ಬೇಕೇ?



ಹೋದ ತಿಂಗಳು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಗೊಬ್ಬರದ ಲೆಕ್ಕ ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದರು: "ಸೆಕ್ರೆಟ್ರಿಗಳೇ, ನಮ್ಮಪ್ಪನ ಕಾಲದ ರೈಫಲ್ಲು, ನಳಿಗೆ ಸವೆದು ಹೋಗದ. ಯಾವ್ದು ಹಾಕಿಸ್ಲಿ?" ಅವರದು .315 ಬೇಟೆ ರೈಫಲ್. ಲೈಸೆನ್ಸ್ ಸರಿಯಾಗಿದೆ. ಕಾಡಂಚಿನ ಅವರ ತೋಟದಲ್ಲಿ ಹಂದಿಗಳು ಅಡಿಕೆ ಸಸಿಗಳನ್ನು ಬುಡಮೇಲು ಮಾಡಿವೆ. ಅವರ ಸಂಕಟ ಹುಸಿಯಲ್ಲ. ಆದರೂ "ಹಾಕಿಸಬೇಡಿ" ಎಂದೆ. ಬೇಸರದಿಂದಲೇ ಎದ್ದು ಹೋದರು. ಇಂಥ ಕೋವಿ ಇನ್ನೂ ಕೆಲವು ಮನೆಗಳಲ್ಲಿ ಇರುವುದರಿಂದ ನನ್ನ ಕಾರಣಗಳನ್ನು ಎಲ್ಲರ ಮುಂದಿಡುತ್ತೇನೆ.

ಮೊದಲನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಬಿಗಿ ಮಾಡಿತು. 1991ರ ತಿದ್ದುಪಡಿ ಬೇಟೆ ಲೈಸೆನ್ಸಿನ ಪದ್ಧತಿಯನ್ನೇ ತೆಗೆದುಹಾಕಿತು. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆ ಹಾಳು ಮಾಡುವ ಪ್ರಾಣಿಯ ಮೇಲೆ ಗುಂಡು ಹಾರಿಸಲು ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. "ನನ್ನ ತೋಟದೊಳಗೆ ಹೊಡೆದೆ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಅಲ್ಲದೆ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ವಾಸಿಸುವವರು ತಮ್ಮ ಕೋವಿಯನ್ನು ಅರಣ್ಯ ಇಲಾಖೆಯಲ್ಲೂ ನೋಂದಾಯಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನಬೆಟ್ಟ ಇರುವ ನಮಗೆ ಇದು ದೂರದ ಮಾತಲ್ಲ.

ಎರಡನೆಯದು ನಳಿಗೆಯ ಸ್ಥಾನಮಾನ. ಅದು ಪಂಪ್‌ಸೆಟ್ಟಿನ ಬಿಡಿಭಾಗವಿದ್ದಂತೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಭಾಗವೂ ಆಯುಧವೇ. ಕೋವಿ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ನಳಿಗೆಯನ್ನು ಮನಸ್ಸಿಗೆ ಬಂದಂತೆ ಕೊಯ್ದು ಗಿಡ್ಡ ಮಾಡುವುದೂ ಅಪರಾಧ. ಕುಲುಮೆಯಲ್ಲಿ ಕೊಳವೆ ಕೂರಿಸಿಕೊಂಡವರು ಜೈಲಿಗಿಂತ ಮೊದಲು ತಮ್ಮ ಕೈಬೆರಳುಗಳ ಬಗ್ಗೆ ಯೋಚಿಸಬೇಕು.

ಮೂರನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು. ರೈಫಲ್ ನಳಿಗೆಯ ಒಳಗೆ ತಿರುಪಿನಂತೆ ಗೀರು ಕೊರೆದಿರುತ್ತದೆ. ಗುಂಡು ತಿರುಗುತ್ತಾ ಹೋಗಿ ಕಿಲೋಮೀಟರಿಗೂ ಮೀರಿ ಪ್ರಾಣ ತೆಗೆಯಬಲ್ಲದು. ನಮ್ಮ ತೋಟಗಳೋ ಎರಡು ಮೂರು ಎಕರೆಯವು. ಬೇಲಿಯಾಚೆ ಇನ್ನೊಬ್ಬರ ಅರಿಸಿನದ ಹೊಲ, ಅದರಾಚೆ ಶಾಲೆಗೆ ಹೋಗುವ ದಾರಿ. ಬೆಳಗಿನ ಮಬ್ಬಿನಲ್ಲಿ ಕಾಫಿ ಗಿಡದ ಮರೆಯಲ್ಲಿ ಅಲುಗಾಡಿದ್ದು ಹಂದಿಯೋ ಹಣ್ಣು ಕೀಳಲು ಬಂದ ಹೆಣ್ಣುಮಗಳೋ ಎಂದು ಗುಂಡಿಗೆ ಗೊತ್ತಾಗುವುದಿಲ್ಲ. ದೊರೆಗಳ ಕಾಲದ ಬೇಟೆಕಾಡಿಗೆ ಹೊಂದಿದ ಆಯುಧ ಇಂದಿನ ನಮ್ಮ ತುಂಡು ತೋಟಕ್ಕೆ ಹೊಂದುವುದಿಲ್ಲ.

ಹಾಗಾದರೆ ಚರೆ ಹೊಡೆಯುವ ತೋಟಾ ಕೋವಿ ಇರುವವರು? ಚರೆ ರೈಫಲ್ ಗುಂಡಿನಷ್ಟು ದೂರ ಹೋಗುವುದಿಲ್ಲ. ಅದರ ನಳಿಗೆ ಕೆಟ್ಟಿದ್ದರೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ಲೈಸೆನ್ಸುಳ್ಳ ಅಂಗಡಿಯಲ್ಲೇ ಕೆಲಸ ಮಾಡಿಸಿ. ಕಾರ್ಖಾನೆಯ ಪರೀಕ್ಷಾ ಮುದ್ರೆ ಇಲ್ಲದ ನಳಿಗೆ ಮುಟ್ಟಬೇಡಿ. ತೋಟಾ ಕೂರುವ ಮನೆಯ ಉದ್ದ ಕೇಳಿ ತಿಳಿಯಿರಿ. 65 ಮಿಲಿಮೀಟರಿನ ಹಳೆಯ ಮನೆಗೆ 70ರ ತೋಟಾ ಹಾಕುವುದು ಅಪಾಯ. ಕಬ್ಬಿಣದ ಪಟ್ಟಿ ಸುತ್ತಿ ಮಾಡಿದ ಅಜ್ಜನ ಕಾಲದ ನಳಿಗೆ ಕಪ್ಪು ಮದ್ದಿಗೆಂದು ಮಾಡಿದ್ದು. ಇಂದಿನ ತೋಟಾದ ಬಲವನ್ನು ಅದು ತಡೆಯದು. ಚುನಾವಣೆ ಸಮಯದಲ್ಲಿ ಕೋವಿ ಠೇವಣಿ ಇಡುವ ಮುನ್ನ ನಳಿಗೆಯೊಳಗೆ ಎಣ್ಣೆ ಬಟ್ಟೆ ಎಳೆಯಿರಿ. ಅರ್ಧ ನಳಿಗೆಗಳು ಹಾಳಾಗುವುದು ಗುಂಡಿನಿಂದಲ್ಲ, ತುಕ್ಕಿನಿಂದ.

"ಅಪ್ಪಣೆ ಬರುವಷ್ಟರಲ್ಲಿ ತೋಟವೇ ಇರುವುದಿಲ್ಲ" ಎನ್ನುತ್ತೀರಿ. ಒಪ್ಪುತ್ತೇನೆ. ನಮ್ಮ ಜಗಳ ಇರಬೇಕಾದ್ದು ಅಲ್ಲಿಯೇ. ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆದರೆ ಯಾರೂ ಕೇಳುವುದಿಲ್ಲ. ಹಾನಿಯಾದ ದಿನಾಂಕ, ಸರ್ವೆ ನಂಬರು, ಸತ್ತ ಸಸಿಗಳ ಸಂಖ್ಯೆ, ಫೋಟೋ, ಇಷ್ಟನ್ನು ಸಂಘಕ್ಕೆ ತಂದುಕೊಡಿ. ಪರಿಹಾರಕ್ಕೂ ಅಪ್ಪಣೆಗೂ ಒಟ್ಟಾಗಿ ಅರ್ಜಿ ಹಾಕೋಣ. ನಳಿಗೆಗೆಂದು ಎತ್ತಿಟ್ಟ ಹಣದಲ್ಲಿ ಅಕ್ಕಪಕ್ಕದ ನಾಲ್ಕು ಜನ ಸೇರಿ ಸೌರಬೇಲಿ ಎಳೆಯಿರಿ. ಲೈನಿನಿಂದ ನೇರವಾಗಿ ತಂತಿಗೆ ಕರೆಂಟು ಕೊಡುವ ಪಾಪದ ಕೆಲಸ ಮಾತ್ರ ಯಾರೂ ಮಾಡಬೇಡಿ.

ಆ ಹಿರಿಯರು ಮುಂದಿನ ಸರ್ವಸದಸ್ಯರ ಸಭೆಗೆ ಬರುತ್ತಾರೆಂದು ನಂಬಿದ್ದೇನೆ. ನನ್ನ ಮಾತು ತಪ್ಪೆನಿಸಿದರೆ ಅಲ್ಲಿಯೇ ಎದ್ದು ಹೇಳಲಿ. ತಂದೆಯ ರೈಫಲ್ಲನ್ನು ನೆನಪಿಗೆ ಇಟ್ಟುಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಅದಕ್ಕೆ ಹೊಸ ನಳಿಗೆ ಬೇಕಿಲ್ಲ.

— ಕಾರ್ಯದರ್ಶಿ